ಕರೆಂಟ್ ಹೋದಾಗ ಕೂಡುವ ಸಂಘ

ಕರೆಂಟ್ ಹೋದ ಕೂಡಲೇ ಜನ ಮೊಬೈಲಿನ ಟಾರ್ಚ್ ಹಾಕುತ್ತಾರೆ, ಇಲ್ಲವೇ ಬೀಸಣಿಗೆ ಹುಡುಕುತ್ತಾರೆ. ನಾನು ಚಪ್ಪಲಿ ಹುಡುಕುತ್ತೇನೆ. ಮೊನ್ನೆ ಯಲಹಂಕದಲ್ಲಿ ಮಗಳ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಫ್ಯಾನು ನಿಂತಿತು. ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಬಿಟ್ಟೆ. ಅಳಿಯ ಗಾಬರಿಯಾಗಿ, "ಏನಾಯ್ತು ಮಾವ?" ಎಂದ. "ಏನಿಲ್ಲಪ್ಪ, ಮೀಟಿಂಗು" ಎಂದೆ. ಮಗಳು ತಲೆ ಎತ್ತದೆ ಅವನಿಗೆ ಸಾರು ಬಡಿಸುತ್ತಾ, "ನೀವು ಊಟ ಮಾಡಿ, ಅಪ್ಪಂಗೆ ಅದು ಹಳೇ ಕಾಯಿಲೆ" ಎಂದಳು. ಅಷ್ಟರಲ್ಲಿ ಅವರ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಯಿತು. ನಾನು ಪೆಚ್ಚಾಗಿ ಕೂತುಕೊಂಡೆ.

ಈ ಕಾಯಿಲೆಯ ಮೂಲ ಹೇಳಬೇಕಾದರೆ ನಮ್ಮ ಬೀದಿಯಿಂದ ಶುರುಮಾಡಬೇಕು. ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಒಂದು ಮಗ್ಗದ ಬೀದಿಯಲ್ಲಿ. ಪ್ರತಿ ಮನೆಯಲ್ಲೂ ಎರಡೋ ನಾಲ್ಕೋ ಪವರ್‌ಲೂಮು. ಮನೆಯ ಮುಂಭಾಗ ಮಗ್ಗಗಳಿಗೆ, ಹಿಂಭಾಗದಲ್ಲಿ ಉಳಿದ ಜಾಗ ನಮಗೆ. ಹತ್ತಾರು ಮನೆಗಳ ಮಗ್ಗ ಒಟ್ಟಿಗೆ ಓಡುವಾಗ ಏಳುವ ಸದ್ದನ್ನು ಕೇಳದವರಿಗೆ ವಿವರಿಸುವುದು ಕಷ್ಟ. ನೆಲದ ಮೇಲಿಟ್ಟ ನೀರಿನ ಚೊಂಬು ಸಣ್ಣಗೆ ನಡುಗುತ್ತಿತ್ತು ಎಂದರೆ ನಿಮಗೆ ಅಂದಾಜು ಸಿಗಬಹುದು. ಆ ಸದ್ದಿನಲ್ಲಿ ಮಾತಾಡುವವರು ಯಾರು? ಅಮ್ಮ ಮಗ್ಗದ ಆಚೆ ತುದಿಯಲ್ಲಿ ನಿಂತು ಬರೀ ತುಟಿ ಆಡಿಸುತ್ತಿದ್ದಳು. ಒಲೆ ಮೇಲೆ ಹಾಲಿದೆ ನೋಡು, ತಂಗಿಯನ್ನು ಎತ್ತಿಕೋ, ನಿನ್ನ ಲೆಕ್ಕದ ಮಾರ್ಕ್ಸು ಅಪ್ಪನಿಗೆ ಹೇಳಲೇನು, ಎಲ್ಲವೂ ಸದ್ದಿಲ್ಲದೆ ಬರುತ್ತಿದ್ದವು. ನಮಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡುಬಿಟ್ಟರೆ ಬೈಗುಳದಿಂದ ಪಾರಾಗಬಹುದು ಎನ್ನುವುದು ನಮ್ಮ ಬೀದಿಯ ಮಕ್ಕಳಿಗೆ ಮಾತ್ರ ಇದ್ದ ಅನುಕೂಲ.

ಅನನುಕೂಲಗಳೂ ಇದ್ದವು. ರಜೆಗೆಂದು ತೂಬಗೆರೆಯ ಅತ್ತೆಯ ಮನೆಗೆ ಹೋದರೆ ನಾವು ಮಾತಾಡಿದ್ದೆಲ್ಲ ಅರಚಾಟವಾಗುತ್ತಿತ್ತು. "ಮೆತ್ತಗೆ ಮಾತಾಡ್ರೋ, ಎಮ್ಮೆ ಹಾಲು ಬಿಡಾಕಿಲ್ಲ" ಎಂದು ಅತ್ತೆ ಬೇಡಿಕೊಳ್ಳುತ್ತಿದ್ದಳು. ಅಲ್ಲಿ ಮಲಗಿದರೆ ನಿದ್ದೆಯೂ ಬರುತ್ತಿರಲಿಲ್ಲ. ನಮ್ಮ ಬೀದಿಯ ಕೂಸುಗಳು ಮಗ್ಗದ ಸದ್ದಿಗೆ ನೆಮ್ಮದಿಯಾಗಿ ಮಲಗಿ, ಕರೆಂಟ್ ಹೋಗಿ ಬೀದಿ ಗಪ್‌ಚಿಪ್ಪಾದರೆ ಬೆಚ್ಚಿ ಎದ್ದು ಅಳುತ್ತಿದ್ದವು. ನಾನೂ ಹಾಗೆ ಅತ್ತವನೇ ಎಂದು ಅಮ್ಮ ಹೇಳುತ್ತಿದ್ದಳು.

ಇಂಥ ಬೀದಿಯಲ್ಲಿ ಹುಟ್ಟಿಯೂ ನಾನು ನೇಕಾರನಾಗಲಿಲ್ಲ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಅಪ್ಪ ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿದರು. ನಾನು ಕಡಿದ ಎಳೆಗಳನ್ನು ಗಂಟು ಹಾಕುವುದೇ ಅವರಿಗೆ ಕೆಲಸವಾಯಿತು. ಒಂದು ದಿನ ಲಾಳಿ ಮಗ್ಗದಿಂದ ಹಾರಿ ಮೂಲೆಯಲ್ಲಿದ್ದ ಮಣ್ಣಿನ ಹೂಜಿಯನ್ನು ಒಡೆದು ಹಾಕಿತು. "ಇವನು ಓದ್ಲಿ ಬಿಡು, ಸೀರೆಗಳಾದ್ರೂ ಉಳೀತವೆ" ಎಂದರು ಅಪ್ಪ ಅಮ್ಮನಿಗೆ. ಹೀಗೆ ಸೀರೆಗಳ ಹಿತದೃಷ್ಟಿಯಿಂದ ನಾನು ಓದಿದೆ. ಟೈಪಿಂಗ್ ಕಲಿತೆ, ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟೆ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವನು ಎಂಬ ಒಂದೇ ಕಾರಣಕ್ಕೆ ನಮ್ಮ ಬೀದಿಯ ಜಿಜ್ಞಾಸಾ ಸಂಘದ ಕಾರ್ಯದರ್ಶಿಯೂ ಆದೆ.

ಸಂಘ ಎಂದರೆ ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಕರೆಂಟ್ ಹೋದಾಗ ನೇಕಾರರಿಗೆ ಮಾಡಲು ಕೆಲಸವಿರುವುದಿಲ್ಲ, ಮತ್ತು ಆಗ ಮಾತ್ರ ಅವರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ. ಎರಡೂ ಸೇರಿ ಹುಟ್ಟಿದ್ದು ಈ ಸಂಘ. ಹನುಮಂತರಾಯಪ್ಪನವರ ಮನೆಯ ಜಗುಲಿಯೇ ಅದರ ಕಚೇರಿ. ಅವರು ನನ್ನ ಅಪ್ಪನ ಗೆಳೆಯರು, ಬೀದಿಯ ಹಿರಿಯ ನೇಕಾರರು, ಸಂಘದ ಅಧ್ಯಕ್ಷರು. ಸಂಬಂಧವಿಲ್ಲದಿದ್ದರೂ ನನಗೆ ದೊಡ್ಡಪ್ಪ. ಕರೆಂಟ್ ಹೋದ ಒಂದೆರಡು ನಿಮಿಷದಲ್ಲಿ ಹನ್ನೊಂದು ಜನ ಕೈ ಒರೆಸಿಕೊಳ್ಳುತ್ತಾ ಜಗುಲಿಗೆ ಬರುತ್ತಿದ್ದರು. ನಾನು ಅಂಗಡಿಯ ಷಟರ್ ಅರ್ಧ ಎಳೆದು, ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆ. ಸತ್ತ ಮೇಲೆ ಏನು, ಸುಳ್ಳು ಹೇಳದೆ ಸೀರೆ ಮಾರಲು ಸಾಧ್ಯವೇ, ಹಸಿದವನಿಗೂ ಉಂಡವನಿಗೂ ಒಂದೇ ಧರ್ಮವೇ ಎಂದೆಲ್ಲ ಬಿಸಿಬಿಸಿ ಚರ್ಚೆ ನಡೆಯುತ್ತಿತ್ತು.

ಸಭೆ ಮುಗಿಯುವುದಕ್ಕೂ ಒಂದು ಪದ್ಧತಿ ಇತ್ತು. ಕರೆಂಟ್ ಬಂದ ಕ್ಷಣ ಸಭೆ ಮುಗಿಯಿತು. ಮಾತಾಡುತ್ತಿದ್ದವರು ಯಾವ ಪದದ ಮೇಲಿದ್ದರೋ ಅಲ್ಲೇ ನಿಲ್ಲಿಸಿ ಎದ್ದು ಹೋಗಬೇಕು. ಆ ಅರ್ಧ ವಾಕ್ಯವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಮುಂದಿನ ಸಲ ಕರೆಂಟ್ ಹೋದಾಗ ಆ ವಾಕ್ಯದ ಒಡೆಯರು ಅಲ್ಲಿಂದಲೇ ಮುಂದುವರಿಸುತ್ತಾರೆ. ಅಲ್ಲಿಯವರೆಗೆ ಅದನ್ನು ದಾರಿಯಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲೂ ಮುಗಿಸುವಂತಿಲ್ಲ, ವಾಕ್ಯ ಸಭೆಯದು. "ಆದ್ದರಿಂದ ದೇವರು" ಎಂಬಲ್ಲಿಗೆ ನಿಂತ ಒಬ್ಬರ ವಾಕ್ಯ ಒಮ್ಮೆ ಹತ್ತು ದಿನ ಹಾಗೇ ಇತ್ತು. ಆ ಹತ್ತು ದಿನ ಅವರು ಬಹಳ ಗಂಭೀರವಾಗಿ ಓಡಾಡಿಕೊಂಡಿದ್ದರು.

ಹನುಮಂತರಾಯಪ್ಪನವರ ಹತ್ತಿರ ಮಾತ್ರ ಒಂದೇ ಪ್ರಶ್ನೆ. ಎರಡು ತಿಂಗಳಿಗೊಮ್ಮೆಯಾದರೂ ಅದನ್ನು ಎತ್ತುತ್ತಿದ್ದರು. "ಮಗ್ಗ ನಿಂತ್ಮೇಲೂ ಕಿವೀಲಿ ಸದ್ದು ಬತ್ತಾ ಇರ್ತದಲ್ಲ, ಅದು ಮಗ್ಗುದ್ದಾ, ನಂದಾ?" ಉಳಿದವರು ನಗುತ್ತಿದ್ದರು. "ನಮಗೇನೂ ಬರಾಕಿಲ್ಲಪ್ಪ. ಕಿವಿ ಡಾಕ್ಟ್ರಿಗೆ ತೋರ್ಸಣ್ಣ" ಎಂದು ಬೇರೆ ವಿಷಯಕ್ಕೆ ಹೋಗುತ್ತಿದ್ದರು. ನಾನೂ ನಕ್ಕವನೇ. ಒಂದು ದಿನ ಅವರು ನನ್ನ ಅಂಗಡಿಗೆ ಬಂದು ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸಿದರು. ಆಮೇಲೂ ಹೋಗದೆ ನಿಂತೇ ಇದ್ದರು. "ಸೀನ, ನಿಜ ಹೇಳು. ನಿಂಗೂ ಕೇಳಿಸ್ತದಾ? ಯಾರ್ಗೂ ಹೇಳಾಕಿಲ್ಲ" ಎಂದರು. ನಾನು ಮಗ್ಗ ಬಿಟ್ಟು ಎಷ್ಟು ಕಾಲವಾಗಿತ್ತು! "ಇಲ್ಲ ದೊಡ್ಡಪ್ಪ" ಎಂದೆ. ಅವರು ತಲೆಯಾಡಿಸಿ ಕಾಗದ ಮಡಚಿಕೊಂಡರು. "ನಿಮ್ ದೊಡ್ಡಮ್ಮ ರತ್ನಮ್ಮಂಗೂ ಹೇಳಿಲ್ಲ ಕಣೋ. ತಲೆ ಕೆಟ್ಟೈತೆ ಅಂತ ಅಂದ್ಕಂಡಾಳು" ಎಂದು ಹೊರಟುಹೋದರು. ಅದು ತತ್ವದ ಪ್ರಶ್ನೆಯಲ್ಲ, ಭಯ ಎಂದು ನನಗೆ ಅವತ್ತು ಗೊತ್ತಾಯಿತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಆಗ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಬಂದ ಹೊಸದು. ನಮ್ಮ ಬೀದಿಯ ಮೇಲೆ ವಿಮಾನಗಳು ಸದ್ದೇ ಇಲ್ಲದೆ ಹೋಗುತ್ತಿದ್ದವು, ಏಕೆಂದರೆ ಇದ್ದಬದ್ದ ಸದ್ದೆಲ್ಲ ನಮ್ಮದೇ. ನನ್ನ ಅಂಗಡಿಗೆ ಇಂಟರ್ನೆಟ್ ಬಂದಿತ್ತು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಹುಡುಕುತ್ತಾ ಹುಡುಕುತ್ತಾ ಒಂದು ಒಕ್ಕೂಟ ಕಣ್ಣಿಗೆ ಬಿತ್ತು. ಬೇರೆ ಬೇರೆ ದೇಶಗಳ ಚಿಕ್ಕ ಚಿಕ್ಕ ತತ್ವ ಸಂಘಗಳನ್ನು ಎರಡೆರಡಾಗಿ ಜೋಡಿ ಮಾಡುವುದು ಅದರ ಕೆಲಸ. ಜೋಡಿಯಾದ ಮೇಲೆ ನಮ್ಮ ಪ್ರಶ್ನೆಯನ್ನು ಅವರು ಚರ್ಚಿಸಬೇಕು, ಅವರದನ್ನು ನಾವು. ಇದನ್ನು ಓದಿದ ಕೂಡಲೇ ನನಗೆ ಹನುಮಂತರಾಯಪ್ಪನವರ ನೆನಪಾಯಿತು. ನಮ್ಮ ಬೀದಿಯಲ್ಲಿ ನಗುವ ಪ್ರಶ್ನೆಯನ್ನು ಇನ್ನೆಲ್ಲಾದರೂ ನಗದೆ ಕೇಳುವವರು ಇರಬಹುದಲ್ಲ ಎನಿಸಿತು. ಅರ್ಜಿ ತುಂಬಲು ಕೂತೆ.

ಸದಸ್ಯರು ಎಷ್ಟು ಎಂದು ಕೇಳಿದ್ದರು. ಹನ್ನೊಂದು ಎಂದು ಬರೆಯಲು ಕೈ ಬರಲಿಲ್ಲ, ನಲವತ್ತು ಎಂದೆ. ಸ್ವಂತ ಸಭಾಂಗಣವಿದೆಯೇ? ಇದೆ. ಸಭೆ ಯಾವಾಗ? ಇಲ್ಲಿ ನಾನು ತುಂಬಾ ಹೊತ್ತು ಯೋಚಿಸಿದೆ. ಕರೆಂಟ್ ಹೋದಾಗ ಎಂದು ಬರೆದರೆ ಅವರು ನಮ್ಮನ್ನು ಏನೆಂದುಕೊಂಡಾರು? ನಮ್ಮ ಕಡೆ ಮಂಗಳವಾರ ಬೆಳಿಗ್ಗೆ ರಿಪೇರಿಗೆಂದು ಸಾಮಾನ್ಯವಾಗಿ ಕರೆಂಟ್ ತೆಗೆಯುತ್ತಿದ್ದರು. ಪ್ರತಿ ಮಂಗಳವಾರ ಹತ್ತೂವರೆಗೆ ಎಂದು ಬರೆದು ಕಳಿಸಿದೆ. ಸಭೆಯಲ್ಲಿ ವಿಷಯ ಹೇಳಿದೆ, ಸುಳ್ಳುಗಳನ್ನು ಬಿಟ್ಟು.

ನಾರ್ವೆ ದೇಶದ ಒಂದು ಸಣ್ಣ ಬಂದರಿನ ಊರಿನಿಂದ ಉತ್ತರ ಬಂತು. ಬರೆದವರು ಮಾರ್ತಾ ಎಂಬ ನಿವೃತ್ತ ಶಾಲಾ ಶಿಕ್ಷಕಿ, ಅಲ್ಲಿನ ಸಂಘದ ಕಾರ್ಯದರ್ಶಿ. ಜೋಡಿಯಾಗುವ ಮೊದಲು ಒಂದು ಸಂಘದವರು ಇನ್ನೊಂದನ್ನು ಕಣ್ಣಾರೆ ನೋಡಿ ಒಪ್ಪಿಗೆ ಬರೆಯಬೇಕೆಂಬುದು ಒಕ್ಕೂಟದ ನಿಯಮ. ತಾನು ಸಿಂಗಪುರದ ಮಗಳ ಮನೆಗೆ ಹೋಗುವಾಗ ನಿಮ್ಮ ವಿಮಾನ ನಿಲ್ದಾಣದಲ್ಲಿ ಏಳು ಗಂಟೆ ಕಾಯಬೇಕು, ನಕ್ಷೆಯಲ್ಲಿ ನಿಮ್ಮ ಊರು ಪಕ್ಕದಲ್ಲೇ ಇದೆ, ಅದೃಷ್ಟಕ್ಕೆ ಅವತ್ತು ಮಂಗಳವಾರ, ನಿಮ್ಮ ಸಭೆಗೇ ಬರುತ್ತೇನೆ ಎಂದು ಬರೆದಿದ್ದರು. ಕಾಗದವನ್ನು ಎರಡು ಸಲ ಓದಿದೆ. ಒಪ್ಪಿಗೆ ಸಿಗದಿದ್ದರೆ ದೊಡ್ಡಪ್ಪನ ಪ್ರಶ್ನೆ ಜಗುಲಿ ದಾಟುವುದಿಲ್ಲ. ಅದಕ್ಕೆ ಕಾರಣ ನನ್ನ ನಲವತ್ತು.

ತಯಾರಿಗೆ ಬಿದ್ದೆ. ಬೀದಿಯ ಭಜನೆ ಮನೆಯನ್ನು ಒಂದು ದಿನಕ್ಕೆ ಸಭಾಂಗಣ ಮಾಡಿದೆ. ಶಾಮಿಯಾನದ ಅಂಗಡಿಯಿಂದ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ಎರಡು ದೊಡ್ಡ ಫ್ಯಾನು ತರಿಸಿದೆ. ಚಿತ್ರಾನ್ನ, ಕೇಸರಿಬಾತು ಹೇಳಿದೆ. ಹನ್ನೊಂದು ಜನರಿಗೂ ಮನೆಮನೆಗೆ ಹೋಗಿ ತಿಳಿಸಿದೆ. "ಬರ್ತೀವಿ ಬಿಡಪ್ಪಾ, ಸ್ನಾನ ಮಾಡ್ಕಂಡು ರೆಡಿಯಾಗಿರ್ತೀವಿ" ಎಂದರು. ಆಮೇಲೆ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಕರೆಂಟ್ ಹೋದರೆ ಫ್ಯಾನು, ಮೈಕು ಎರಡೂ ಇಲ್ಲ. ಮಂಜಿನ ದೇಶದ ಹೆಂಗಸು ನಮ್ಮ ಏಪ್ರಿಲ್ ಬಿಸಿಲಿಗೆ ಬೇಯುತ್ತಾಳೆ. ಲೈನ್‌ಮ್ಯಾನ್ ಮುನಿರಾಜನನ್ನು ಹುಡುಕಿಕೊಂಡು ಹೋಗಿ, ಈ ಮಂಗಳವಾರ ಒಂದು ದಿನ ಕರೆಂಟ್ ತೆಗೆಯಬೇಡ ಎಂದು ಕೇಳಿಕೊಂಡೆ. "ಫಾರಿನ್ನೋರು ಬರ್ತಾವ್ರಾ? ಆಯ್ತು ಸೀನಣ್ಣ, ಸಾಹೇಬ್ರಿಗೆ ಹೇಳಿ ರಿಪೇರಿ ಬುಧವಾರಕ್ಕೆ ಹಾಕ್ಸ್ತೀನಿ" ಎಂದ. ಮುನಿರಾಜ ಮಾತಿಗೆ ತಪ್ಪುವವನಲ್ಲ. ಈ ವಿಷಯ ಯಾರಿಗೂ ಹೇಳಲಿಲ್ಲ. ಫ್ಯಾನು ತಿರುಗುವುದನ್ನು ಕಂಡು ಎಲ್ಲರೂ ಬೆರಗಾಗಲಿ ಎಂಬ ಆಸೆ.

ಮಂಗಳವಾರ ಬೆಳಿಗ್ಗೆ ಬಾಡಿಗೆ ಓಮ್ನಿ ಮಾಡಿಕೊಂಡು ಏರ್‌ಪೋರ್ಟಿಗೆ ಹೋದೆ. ಮಾರ್ತಾ ಎತ್ತರದ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು, ಬೆನ್ನಿಗೊಂದು ಚೀಲ. ನಾನು ಗಾಬರಿಯಲ್ಲಿ ನಮ್ಮ ಬೀದಿಯ ದನಿಯಲ್ಲೇ "ವೆಲ್‌ಕಮ್" ಎಂದುಬಿಟ್ಟೆ. ಸೆಕ್ಯುರಿಟಿಯವನು ತಿರುಗಿ ನೋಡಿದ. ಆಕೆ ಮಾತ್ರ ಅಷ್ಟೇ ದೊಡ್ಡ ದನಿಯಲ್ಲಿ "ಥ್ಯಾಂಕ್ಯೂ" ಎಂದರು. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳನ್ನೂ, ಹೊಸದಾಗಿ ಎದ್ದ ಸೈಟುಗಳ ಕಲ್ಲುಗಳನ್ನೂ ನೋಡುತ್ತಾ ಒಂದೊಂದೇ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳುತ್ತಾ ಒಳಗೊಳಗೇ ಕುರ್ಚಿ ಎಣಿಸುತ್ತಿದ್ದೆ.

ಹತ್ತೂವರೆಗೆ ಭಜನೆ ಮನೆಗೆ ಬಂದೆವು. ಫ್ಯಾನುಗಳು ಭರ್ಜರಿಯಾಗಿ ತಿರುಗುತ್ತಿದ್ದವು. ನಲವತ್ತು ಕುರ್ಚಿಗಳಲ್ಲಿ ಒಂದರಲ್ಲೂ ಜನವಿಲ್ಲ. ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು, ಗೋಡೆಯ ಮೇಲಿನ ಪಟಗಳು ಅದುರುತ್ತಿದ್ದವು. ಹತ್ತು ಮುಕ್ಕಾಲಾಯಿತು, ಹನ್ನೊಂದಾಯಿತು. ಮೈಕಿನಲ್ಲಿ ಕರೆದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಆಗ ಹೊಳೆಯಿತು. ಬರ್ತೀವಿ ಎಂದವರ ಲೆಕ್ಕದಲ್ಲಿ ಸಭೆ ಎಂದರೆ ಕರೆಂಟ್ ಹೋದಾಗ ತಾನೇ? ಹತ್ತೂವರೆ ಎಂಬ ಹೊತ್ತು ನನ್ನ ಅರ್ಜಿಯಲ್ಲಿ ಮಾತ್ರ ಇದ್ದದ್ದು. ಕರೆಂಟ್ ಹೋಗದಂತೆ ನೋಡಿಕೊಂಡವನೂ ನಾನೇ. ಇಷ್ಟು ವರ್ಷ ಕಾರ್ಯದರ್ಶಿಯಾಗಿದ್ದ ಮನುಷ್ಯ ತನ್ನ ಸಂಘ ಯಾವಾಗ ಕೂಡುತ್ತದೆ ಎನ್ನುವುದನ್ನೇ ಮರೆತಿದ್ದ.

ಮಾರ್ತಾ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಬರೆದು ನನ್ನ ಮುಂದೆ ಹಿಡಿದರು. ಉಳಿದವರು ಎಲ್ಲಿ? ನಾನು ಪೆನ್ನು ತೆಗೆದುಕೊಂಡೆ. ಬಾಯಲ್ಲಾದರೆ ಇನ್ನೊಂದು ಸುಳ್ಳು ಬರುತ್ತಿತ್ತೋ ಏನೋ, ಬರೆಯುವಾಗ ಬರಲಿಲ್ಲ. ಕರೆಂಟ್ ಇದೆ, ಅದಕ್ಕೆ ಬಂದಿಲ್ಲ ಎಂದು ಬರೆದೆ. ಕರೆಂಟ್ ಹೋದಾಗ ಮಾತ್ರ ನಮ್ಮ ಸಭೆ. ಇವತ್ತು ತೆಗೆಯಬೇಡಿ ಎಂದು ನಾನೇ ಹೇಳಿದ್ದೇನೆ, ನಿಮಗೆ ಸೆಖೆಯಾಗಬಾರದೆಂದು. ಅಲ್ಲಿಗೆ ನಿಲ್ಲಿಸಬಹುದಿತ್ತು, ಕೈ ನಿಲ್ಲಲಿಲ್ಲ. ಸದಸ್ಯರು ನಲವತ್ತಲ್ಲ, ಹನ್ನೊಂದು. ಇದು ಭಜನೆ ಮನೆ. ನಮಗಿರುವುದು ಒಂದು ಜಗುಲಿ. ಕುರ್ಚಿಗಳು ಬಾಡಿಗೆಯವು. ಎಲ್ಲ ಬರೆದು ಪುಸ್ತಕ ಅವರ ಕೈಗೆ ಕೊಟ್ಟು ತಲೆ ತಗ್ಗಿಸಿ ಕೂತೆ. ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು, ಮುಂದೇನು ಎಂಬ ಹೆದರಿಕೆಯೂ ಜೊತೆಗೇ ಇತ್ತು.

ತಲೆ ಎತ್ತಿದಾಗ ಆಕೆಯ ಭುಜಗಳು ಕುಲುಕುತ್ತಿದ್ದವು. ಮೊದಲು ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಆ ನಗು ನನಗೆ ಕೇಳಿಸಲಿಲ್ಲ, ಕಾಣಿಸಿತು ಅಷ್ಟೇ. ಆಮೇಲೆ ಎದ್ದು ಬೀದಿಗೆ ಕೈ ತೋರಿಸಿದರು.

ಮನೆಮನೆಯ ಬಾಗಿಲಲ್ಲೂ ಇಣುಕಿದೆವು. ಇವತ್ತಿಗೂ ಆ ನೋಟ ನೆನೆದರೆ ನನಗೆ ಕಣ್ಣು ತೇವವಾಗುತ್ತದೆ. ಒಬ್ಬೊಬ್ಬರೂ ಸ್ನಾನ ಮಾಡಿ, ವಿಭೂತಿಯೋ ಕುಂಕುಮವೋ ಇಟ್ಟುಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಮಗ್ಗದ ಮುಂದೆ ನಿಂತಿದ್ದರು. ಕೈ ಮಗ್ಗದ ಮೇಲೆ, ಕಣ್ಣು ಬಲ್ಬಿನ ಮೇಲೆ. ಹನುಮಂತರಾಯಪ್ಪನವರು ಮಗನ ಮದುವೆಯಲ್ಲಿ ಹೊದ್ದಿದ್ದ ಶಾಲನ್ನು ಹೆಗಲಿಗೆ ಹಾಕಿಕೊಂಡು ನೇಯುತ್ತಿದ್ದರು. ನಮ್ಮನ್ನು ಕಂಡು ತಮ್ಮ ಮಗ್ಗ ನಿಲ್ಲಿಸಿ ಕೈ ಮುಗಿದರು. ಬೀದಿಯ ಉಳಿದ ಮಗ್ಗಗಳು ಓಡುತ್ತಲೇ ಇದ್ದವು. ಅವರು ನನ್ನ ಕಡೆ ತಿರುಗಿ ತುಟಿ ಆಡಿಸಿದರು. "ಇವತ್ತೇನ್ಲಾ ಕರೆಂಟು ಹೋಗ್ತಾನೇ ಇಲ್ವಲ್ಲ. ಆಯಮ್ಮ ಹೊಂಟೋಗ್ತಾಳೆ ಕಣೋ."

ಹನ್ನೆರಡೂವರೆಗೆ ಮಾರ್ತಾ ಅವರನ್ನು ಏರ್‌ಪೋರ್ಟಿಗೆ ಹೊರಡಿಸಬೇಕಿತ್ತು. ಆಗಲೇ ಹನ್ನೊಂದೂವರೆ ಆಗುತ್ತಾ ಬಂದಿತ್ತು. ನಾನು ಬೀದಿಯ ತುದಿಯವರೆಗೂ ಓಡಿ, ಮಾತು ಕೇಳಿಸುವಷ್ಟು ದೂರ ಬಂದ ಮೇಲೆ ಮುನಿರಾಜನಿಗೆ ಫೋನ್ ಹಚ್ಚಿದೆ.

"ಮುನಿರಾಜ, ಕರೆಂಟ್ ತೆಗಿ."

"ಏನ್ ಗುರು, ತಮಾಷೆನಾ? ತೆಗೀಬೇಡ ಅಂತ ಕಾಲ್ಗೆ ಬಿದ್ದೋನು ನೀನೇ."

"ಈಗ ತೆಗಿ ಅಂತ ಬೀಳ್ತೀನಿ. ದಮ್ಮಯ್ಯ ಅಂತೀನಿ ಕಣೋ."

"ಬೀದಿಯೋರು ನನ್ ಬೈತಾರೆ ಸೀನಣ್ಣ."

"ನನ್ನ ಹೆಸರು ಹೇಳ್ಬಿಡು."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. "ಅರ್ಧ ಗಂಟೆ ತೆಗೀತೀನಿ. ಅದ್ರ ಮೇಲೆ ಒಂದ್ನಿಮಿಷಾನೂ ಇಲ್ಲ" ಎಂದ.

ನಾನು ವಾಪಸು ಬರುವಷ್ಟರಲ್ಲಿ ಕರೆಂಟ್ ಹೋಯಿತು. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮಗ್ಗಗಳು ನಿಂತವು. ಅಂಥ ನೆಮ್ಮದಿಯನ್ನು ನಾನು ಮತ್ತೆಂದೂ ಕಂಡಿಲ್ಲ. ಎಲ್ಲೋ ಒಂದು ಕೂಸು ಎದ್ದು ಅತ್ತಿತು. ಬಾಗಿಲುಗಳು ತೆರೆದವು. ಹನ್ನೊಂದು ಜನ ಕೈ ಒರೆಸಿಕೊಳ್ಳುತ್ತಾ ಜಗುಲಿಗೆ ಬಂದರು. ಅವರ ಹಿಂದೆ ಅವರ ಹೆಂಡಂದಿರು, ಪಕ್ಕದ ಬೀದಿಯವರು, ಫಾರಿನ್ ಹೆಂಗಸು ಬಂದಿದ್ದಾಳಂತೆ ಎಂದು ಕೇಳಿದವರು. ಜಗುಲಿ ಸಾಲದೆ ಭಜನೆ ಮನೆಯ ಕುರ್ಚಿಗಳನ್ನೆಲ್ಲ ಬೀದಿಗೆ ತಂದರು. ಒಂದೂ ಖಾಲಿ ಉಳಿಯಲಿಲ್ಲ. ಮಾರ್ತಾ ನನ್ನತ್ತ ಬಾಗಿ, "ನಲವತ್ತು" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಹಾರಕ್ಕೆ, ಹತ್ತು ನಿಮಿಷ ಚಿತ್ರಾನ್ನಕ್ಕೆ ಹೋಯಿತು. ಹನುಮಂತರಾಯಪ್ಪನವರು ಶಾಲು ಸರಿಮಾಡಿಕೊಂಡು ಎದ್ದು ತಮ್ಮ ಪ್ರಶ್ನೆ ಕೇಳಿದರು. ಜನರ ನಡುವಿನಿಂದ ಯಾರೋ ಕಿಸಕ್ಕೆಂದರು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಮಾರ್ತಾ ನಗಲಿಲ್ಲ. ತಿನ್ನುತ್ತಿದ್ದ ಎಲೆಯನ್ನು ಕೆಳಗಿಟ್ಟು, ಅವರ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಮಾತಾಡಿದರು, ನಾನು ತುಂಡು ತುಂಡಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. "ಇವರೂರಲ್ಲಿ ಹಡಗು ಕಟ್ಟುವ ಕಾರ್ಖಾನೆ ಇತ್ತಂತೆ. ಅದು ಮುಚ್ಚಿ ತುಂಬಾ ವರ್ಷ ಆಯ್ತಂತೆ. ಇವರ ಯಜಮಾನ್ರು ಅದರಲ್ಲಿ ಸುತ್ತಿಗೆ ಕೆಲಸ ಮಾಡ್ತಿದ್ರಂತೆ. ಈಗ್ಲೂ ದಿನಾ ಬೆಳಿಗ್ಗೆ ಅವರು..."

ಕರೆಂಟ್ ಬಂತು. ಮುನಿರಾಜ ಮಾತಿಗೆ ತಪ್ಪುವವನಲ್ಲ.

ಒಬ್ಬೊಬ್ಬರಾಗಿ ಎದ್ದು ಕೈ ಮುಗಿದು ಮಗ್ಗಗಳಿಗೆ ಹೋದರು. ಹನುಮಂತರಾಯಪ್ಪನವರು ಕೊನೆಯವರಾಗಿ, ಹಿಂದೆ ತಿರುಗಿ ತಿರುಗಿ ನೋಡುತ್ತಾ ಹೋದರು. ಬಾಯಿ ತೆರೆದೇ ಕೂತಿದ್ದ ಮಾರ್ತಾ ಅವರಿಗೆ ಅವರದೇ ನೋಟ್‌ಬುಕ್ಕಿನಲ್ಲಿ ನಮ್ಮ ಪದ್ಧತಿಯನ್ನು ಬರೆದು ತೋರಿಸಿದೆ. ಓದಿ, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದುಕೊಂಡರು. ಓಮ್ನಿಯಲ್ಲಿ ಊರು ದಾಟಿದ ಮೇಲೆ ನಾನು ತಡೆಯಲಾರದೆ, ಬೆಳಿಗ್ಗೆ ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದೆ. ಆಕೆ ತುಟಿಯ ಮೇಲೆ ಬೆರಳಿಟ್ಟರು. "ವಾಕ್ಯ ಸಭೆಯದು ಎಂದು ನೀವೇ ಬರೆದುಕೊಟ್ಟಿರಿ" ಎಂದರು. ಶಾಲಾ ಶಿಕ್ಷಕಿಯಲ್ಲವೇ, ನಾನು ಕಿವಿ ಹಿಡಿದುಕೊಂಡೆ.

ಆಮೇಲೆ ಆರು ವಾರ ಸುದ್ದಿಯಿಲ್ಲ. ನನಗೆ ಅರ್ಜಿಯ ಚಿಂತೆ, ಹನುಮಂತರಾಯಪ್ಪನವರಿಗೆ ವಾಕ್ಯದ ಚಿಂತೆ. ದಿನಕ್ಕೊಮ್ಮೆ ಅಂಗಡಿಗೆ ಬಂದು "ಏನಾರ ಬಂತಾ?" ಎನ್ನುತ್ತಿದ್ದರು. ಕೊನೆಗೆ ಕಾಗದ ಬಂತು. ಲಕೋಟೆಯ ಮೇಲೆ ವಿಳಾಸದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಕರೆಂಟ್ ಹೋದಾಗ ತೆರೆಯಿರಿ.

ಅವತ್ತಿನಿಂದ ಒಂಬತ್ತು ದಿನ ಕರೆಂಟ್ ಹೋಗಲಿಲ್ಲ! ಮಳೆ ಚೆನ್ನಾಗಿ ಬಿದ್ದಿತ್ತೋ ಏನೋ, ಮಂಗಳವಾರದ ರಿಪೇರಿಯೂ ಇರಲಿಲ್ಲ, ಒಂದು ಮಿಣುಕೂ ಇಲ್ಲ. ಬೀದಿಯವರು ಹಿಗ್ಗಿ ನೇಯುತ್ತಿದ್ದರು. ನಾನು ಮುನಿರಾಜನ ಹತ್ತಿರ ಹೋದರೆ ಅವನು ಎರಡೂ ಕೈ ಮುಗಿದು, "ಸೀನಣ್ಣ, ನನ್ ಬಿಟ್ಬಿಡು" ಎಂದ. ಹನುಮಂತರಾಯಪ್ಪನವರು ದಿನವೂ ಬಂದು ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. "ಒಡೆದ್ಬಿಡ್ಲಾ ದೊಡ್ಡಪ್ಪ?" ಎಂದರೆ, "ಬ್ಯಾಡ ಕಣ್ಲಾ. ಅಷ್ಟು ದೂರದಿಂದ ನಿಯಮ ಇಟ್ಕಂಡವ್ಳೆ ಆ ಹೆಣ್ಮಗಳು. ನಾವು ಮುರಿಯಾದಾ?" ಎಂದು ಲಕೋಟೆಯನ್ನು ಜೋಪಾನವಾಗಿ ವಾಪಸು ಕೊಡುತ್ತಿದ್ದರು.

ಹತ್ತನೆಯ ದಿನ ಹೋಯಿತು. ಜೆರಾಕ್ಸ್ ಮಿಷನ್ನು ಅರ್ಧ ಹಾಳೆ ನುಂಗಿಕೊಂಡು ನಿಂತಿತು. ಗಿರಾಕಿಯನ್ನು ಅಲ್ಲೇ ಬಿಟ್ಟು, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಆ ಗಿರಾಕಿಯ ಚಪ್ಪಲಿ ಹಾಕಿಕೊಂಡು ಓಡಿದೆ. ನಾನು ಹೋಗುವಷ್ಟರಲ್ಲಿ ಹನ್ನೊಂದು ಜನವೂ ಜಗುಲಿಯಲ್ಲಿದ್ದರು. ಉಸಿರು ಸುಧಾರಿಸಿಕೊಂಡು ಲಕೋಟೆ ಒಡೆದು ಕನ್ನಡಕ್ಕೆ ಮಾಡುತ್ತಾ ಓದಿದೆ.

ವಾಕ್ಯ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಕಾಗದ ಶುರುವಾಗಿತ್ತು. "...ಏಳು ಗಂಟೆಗೆ ಎದ್ದು ಕೂರುತ್ತಾರೆ, ಸುತ್ತಿಗೆ ಸದ್ದು ಕೇಳಿಸಿತು ಎನ್ನುತ್ತಾರೆ. ಹುಚ್ಚು ಎಂದು ಹೆದರಿ ನನಗೂ ಎಷ್ಟೋ ವರ್ಷ ಹೇಳಿರಲಿಲ್ಲ. ನಿಮ್ಮ ಅಧ್ಯಕ್ಷರ ಪ್ರಶ್ನೆಯನ್ನು ನಮ್ಮ ಸಂಘದಲ್ಲಿ ಇಟ್ಟಾಗ ನನ್ನ ಯಜಮಾನರೇ ಮೊದಲು ಕೈ ಎತ್ತಿದರು. ಆಮೇಲೆ ಇನ್ನೂ ನಾಲ್ವರು ಎತ್ತಿದರು. ನಾವು ಇರುವುದೇ ಒಂಬತ್ತು ಜನ. ಸದ್ದು ಸುತ್ತಿಗೆಯದೋ ತಮ್ಮದೋ ಎಂದು ಮೂರು ಸಭೆ ವಾದ ಮಾಡಿದ್ದಾರೆ, ಮುಗಿದಿಲ್ಲ. ಅರ್ಜಿಗೆ ನನ್ನ ಒಪ್ಪಿಗೆ ಕಳಿಸಿದ್ದೇನೆ. ಸದಸ್ಯರ ಸಂಖ್ಯೆಯನ್ನು ತಿದ್ದಿದ್ದೇನೆ. ಸಭೆಯ ಸಮಯ ಎಂಬಲ್ಲಿ ಕರೆಂಟ್ ಹೋದಾಗ ಎಂದು ಬರೆದಿದ್ದೇನೆ."

ಮೂಲೆಯಲ್ಲಿ ಕೂತಿದ್ದ ಒಬ್ಬರು, ಕಿವಿ ಡಾಕ್ಟ್ರಿಗೆ ತೋರ್ಸು ಎಂದು ಪ್ರತಿ ಸಲ ಹೇಳುತ್ತಿದ್ದವರು, ಗಂಟಲು ಸರಿಮಾಡಿಕೊಂಡರು. "ಅಣ್ಣ, ನಿಜ ಹೇಳ್ಬೇಕು ಅಂದ್ರೆ, ನಂಗೂವೆ..." ಎಂದರು. ಅಷ್ಟರಲ್ಲಿ ಕರೆಂಟ್ ಬಂತು. ಅವರ ವಾಕ್ಯವನ್ನು ಬರೆದುಕೊಂಡೆ. ಎಲ್ಲರೂ ಎದ್ದು ಹೋದರು, ಬೀದಿ ಮತ್ತೆ ಮೊರೆಯತೊಡಗಿತು.

ಹನುಮಂತರಾಯಪ್ಪನವರು ಏಳಲಿಲ್ಲ. ಇಷ್ಟು ವರ್ಷದಲ್ಲಿ ಕರೆಂಟ್ ಬಂದ ಮೇಲೂ ಅವರು ಕೂತೇ ಇದ್ದದ್ದು ಅದೊಂದೇ ಸಲ. ಒಳಗಿನಿಂದ ರತ್ನಮ್ಮ ಬಂದು ಬಾಗಿಲಲ್ಲಿ ನಿಂತರು. ದೊಡ್ಡಪ್ಪ ಹೆಂಡತಿಯನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಂದು ಸಲ ಓದು ಎಂದು ನನಗೆ ಸನ್ನೆ ಮಾಡಿದರು. ನಾನು ಕಾಗದ ಹಿಡಿದು, ಅಮ್ಮ ಮಗ್ಗದ ಆಚೆ ತುದಿಯಿಂದ ಮಾತಾಡುತ್ತಿದ್ದ ಹಾಗೆ, ದನಿಯಿಲ್ಲದೆ ಬರೀ ತುಟಿ ಆಡಿಸುತ್ತಾ ಮೊದಲಿನಿಂದ ಕೊನೆಯವರೆಗೆ ಓದಿದೆ. ಇಬ್ಬರೂ ನನ್ನ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ದೊಡ್ಡಪ್ಪ ಹೆಗಲ ಮೇಲಿದ್ದ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡು ಏನೋ ಹೇಳಿದರು. ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ನಾನು ಮಗ್ಗದ ಬೀದಿಯವನಲ್ಲವೇ, ಕಂಡಿತು. "ಸದ್ಯ" ಎಂದರು.